ಬೆಳಗಿನ ಹಳ್ಳ, ಮಧ್ಯಾಹ್ನದ ಹಳ್ಳ

ಹಿಮಾಚಲದ ಗ್ರಾಂಫೂದಿಂದ ಸ್ಪಿತಿಯ ಕಾಜಾಕ್ಕೆ ಹೋಗುವ ದಾರಿಯಲ್ಲಿ, ಛತ್ರೂ ದಾಟಿ ಬಾತಲ್ ಮುಟ್ಟುವುದರೊಳಗೆ, ಹಲವು ಹಳ್ಳಗಳು ರಸ್ತೆಗೆ ಅಡ್ಡ ಹಾಯುತ್ತವೆ. ಬೆಳಿಗ್ಗೆ ಏಳಕ್ಕೆ ಅವನ್ನು ನೋಡಿದವರಿಗೆ ಭಯವೇನೂ ಆಗುವುದಿಲ್ಲ. ಕಲ್ಲುಗಳ ನಡುವೆ ಕಣಕಾಲು ಮುಳುಗುವಷ್ಟು ತಿಳಿನೀರು. ಸಣ್ಣ ಕಾರೂ ದಾಟಿಬಿಡುತ್ತದೆ. ಅದೇ ಹಳ್ಳ ಮಧ್ಯಾಹ್ನ ಮೂರಕ್ಕೆ ಬೇರೆಯೇ ಹಳ್ಳ. ನೀರು ಬೂದು ಬಣ್ಣಕ್ಕೆ ತಿರುಗಿ ಮೊಣಕಾಲಿಗೆ ಬಂದಿರುತ್ತದೆ. ತಳದಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವುದು ದಡದಲ್ಲಿ ನಿಂತವರ ಅಂಗಾಲಿಗೇ ತಿಳಿಯುತ್ತದೆ. ಮಳೆ ಬಂದಿಲ್ಲ, ಆಕಾಶ ನಿಚ್ಚಳವಾಗಿದೆ. ನಿಚ್ಚಳವಾಗಿರುವುದೇ ಕಾರಣ.

ನಮ್ಮ ಕಡೆ ಹಳ್ಳ ಉಕ್ಕಿತೆಂದರೆ ಮೇಲೆಲ್ಲೋ ಮಳೆ ಹೊಡೆದಿದೆ ಎಂದರ್ಥ. ಅಲ್ಲಿ ಲೆಕ್ಕ ತಿರುವುಮುರುವು. ಬಿಸಿಲು ಏರಿದಷ್ಟೂ ಮೇಲಿನ ಹಿಮ ಕರಗುತ್ತದೆ. ಕರಗಿದ ನೀರು ಕೆಳಗಿಳಿದು ರಸ್ತೆ ಮುಟ್ಟಲು ಕೆಲವು ತಾಸು ಹಿಡಿಯುತ್ತದೆ. ಹಾಗಾಗಿ ಹಳ್ಳ ತುಂಬುವುದು ಮಧ್ಯಾಹ್ನದ ಮೇಲೆ. ರಾತ್ರಿ ಚಳಿಗೆ ಮೇಲೆ ಕರಗುವುದು ನಿಂತು, ನಸುಕಿಗೆ ಮತ್ತೆ ಬಡಕಲಾಗುತ್ತದೆ. ‘ಪಾಗಲ್ ನಾಲಾ’, ಅಂದರೆ ಹುಚ್ಚು ಹಳ್ಳ, ಎಂಬ ಹೆಸರು ಹಿಮಾಲಯದಲ್ಲಿ ಒಂದೇ ಕಡೆ ಇಲ್ಲ. ಲಡಾಖಿನ ಪ್ಯಾಂಗಾಂಗ್ ಸರೋವರದ ದಾರಿಯಲ್ಲಿ ಒಂದಿದೆ, ಬದರೀನಾಥದ ದಾರಿಯಲ್ಲಿ ಜೋಶಿಮಠದ ಹತ್ತಿರ ಇನ್ನೊಂದು. ಬಿಸಿಲಿನ ಹಳ್ಳಕ್ಕೆ ಆ ಹೆಸರು ಅನ್ಯಾಯ ಎನ್ನಿಸುತ್ತದೆ ನನಗೆ. ಇಷ್ಟು ಗಂಟೆ ತಪ್ಪದೆ ನಡೆದುಕೊಳ್ಳುವುದಕ್ಕೆ ಹುಚ್ಚೆನ್ನುವುದು ಹೇಗೆ?

ಹಿಮಾಲಯದಲ್ಲಿ ಕಾರು ಓಡಿಸುವ ಮಾತು ಬಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಯಾವ ಗಾಡಿ ಎಂಬುದು. ಫೋರ್ ವೀಲ್ ಡ್ರೈವ್ ಇದೆಯಾ, ಗ್ರೌಂಡ್ ಕ್ಲಿಯರೆನ್ಸ್ ಎಷ್ಟು, ಡೀಸೆಲ್ಲಾ ಪೆಟ್ರೋಲಾ? ಆ ರಸ್ತೆಗಳಲ್ಲಿ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದವರು ಕೇಳುವುದು ಬೇರೆ: ಎಷ್ಟು ಹೊತ್ತಿಗೆ ಹೊರಡುತ್ತೀರಿ? ಸ್ಟೀರಿಂಗ್ ಹಿಡಿಯುವ ಕೈಗಿಂತ ಗಡಿಯಾರ ನೋಡುವ ಕಣ್ಣಿಗೆ ಅಲ್ಲಿ ಬೆಲೆ ಹೆಚ್ಚು. ಚಾರ್ಮಾಡಿ, ಶಿರಾಡಿಯಲ್ಲಿ ಪಳಗಿದವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ, ಯಾಕೆಂದರೆ ಘಾಟಿ ಎಂದರೆ ತಿರುವು ಎಂದೇ ನಾವು ಕಲಿತದ್ದು. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಹತ್ತಿದವರಿಗೆ ತಿರುವು ಹೊಸದಲ್ಲ. ಆದರೆ ಮುಳ್ಳಯ್ಯನಗಿರಿಯ ತುದಿಗಿಂತ ಮನಾಲಿಯ ಪೇಟೆಯೇ ಎತ್ತರದಲ್ಲಿದೆ. ದಾರಿ ಶುರುವಾಗುವುದು ಅಲ್ಲಿಂದ.

ಮನಾಲಿಯಿಂದ ಲೇಹ್‌ಗೆ, ರೋಹ್ತಾಂಗ್ ಕಣಿವೆ ಹತ್ತಿ ಹೋಗುವ ಹಳೆಯ ದಾರಿಯಲ್ಲಿ, ಸುಮಾರು 470 ಕಿಲೋಮೀಟರ್. ರೋಹ್ತಾಂಗ್ ಬಿಟ್ಟರೂ ನಾಲ್ಕು ಕಣಿವೆಗಳನ್ನು ದಾಟಬೇಕು: ಬಾರಾಲಾಚಾ, ನಕೀಲಾ, ಲಾಚುಂಗ್‌ಲಾ, ಕೊನೆಗೆ 5,328 ಮೀಟರ್ ಎತ್ತರದ ತಂಗ್ಲಾಂಗ್‌ಲಾ. ‘ಲಾ’ ಎಂದರೆ ಟಿಬೆಟನ್ ಮಾತಿನಲ್ಲಿ ಕಣಿವೆದಾರಿ ಎಂದೇ ಅರ್ಥ, ಆದ್ದರಿಂದ ‘ಬಾರಾಲಾಚಾ ಪಾಸ್’ ಎನ್ನುವುದು ‘ನಡುಮಧ್ಯ’ ಎಂದಂತೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂದು ಎಚ್ಚರಿಸುವ ಫಲಕ ಬಹುಕಾಲದಿಂದ ಪ್ರಸಿದ್ಧ. ಬೆಂಗಳೂರಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ನಡುವೆ ಒಂದೂ ಬಂಕ್ ಇಲ್ಲವೆಂದು ಎಣಿಸಿಕೊಳ್ಳಿ. ಅದರಾಚೆ ಸಿಗುವ ಎರಡು ಹಳ್ಳಗಳಿಗೆ ವಿಸ್ಕಿ ನಾಲಾ, ಬ್ರಾಂಡಿ ನಾಲಾ ಎಂದು ಯಾರೋ ಹೆಸರಿಟ್ಟಿದ್ದಾರೆ. ಕುಡಿಯಲು ಸಿಗುವುದು ಚಹಾ ಮಾತ್ರ.

ಐದು ಸಾವಿರ ಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಸಮೀಪಕ್ಕೆ ಬರುತ್ತದೆ. ಎಂಜಿನ್ನೂ ಉಸಿರಾಡುವ ವಸ್ತುವೇ. ಟರ್ಬೋ ಇಲ್ಲದ ಪೆಟ್ರೋಲ್ ಕಾರು ಅಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಂಡು, ಎರಡನೇ ಗೇರಿನಲ್ಲೂ ತೇಕುತ್ತ ಮೊದಲನೆಯದಕ್ಕೆ ಬೇಡುತ್ತದೆ. ಚಾಲಕರು ಗಾಬರಿಯಾಗಿ ಅರ್ಧ ಕ್ಲಚ್ಚಿನಲ್ಲಿ ಹತ್ತಿಸಲು ಹೋಗಿ ಕ್ಲಚ್ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಬಾನೆಟ್ಟಿನಿಂದ ಕಮಟು ವಾಸನೆ ಬಂದ ಮೇಲೆ ಉಳಿಯುವುದು ಲಾರಿ ಬರುವ ತನಕ ಕಾಯುವ ಕೆಲಸ.

ಹತ್ತುವುದಾದರೂ ಪರವಾಗಿಲ್ಲ, ಇಳಿಯುವುದು ಇನ್ನೂ ಸೂಕ್ಷ್ಮ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ನಮ್ಮ ಘಾಟಿ ಲಾರಿಯವರೂ ಹೇಳುವ ಮಾತು. ಅಲ್ಲಿ ಅದನ್ನು ಮರೆತು ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿದರೆ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪ್ಯಾಡ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಒತ್ತಿದರೆ ಹಿಡಿತವಿಲ್ಲದೆ ನೆಲ ಮುಟ್ಟುತ್ತದೆ. ಇಕ್ಕಟ್ಟಿನಲ್ಲಿ ಎದುರುಬದುರಾದಾಗ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯಲ್ಲ, ದೇಶದ ಸಂಚಾರ ನಿಯಮದಲ್ಲೇ ಇದೆ. ಏರುಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ನಿಯಮ ಬರೆದವರಿಗೆ ಗೊತ್ತಿತ್ತು. ಬಯಲಿನಿಂದ ಬಂದ ಕಾರಿನವರು ಲೈಟ್ ಮಿಣುಕಿಸಿ ನುಗ್ಗುವುದನ್ನು ಮಾತ್ರ ಯಾವ ನಿಯಮವೂ ಇನ್ನೂ ನಿಲ್ಲಿಸಿಲ್ಲ.

ಹಳ್ಳ ದಾಟುವುದಕ್ಕೂ ಒಂದು ರೀತಿ ಇದೆ. ಮೊದಲು ಇಳಿದು ನೋಡಬೇಕು. ಸಾಧ್ಯವಾದರೆ ಮುಂದೊಂದು ಗಾಡಿ ಹೋಗುವುದನ್ನು ಕಾದು, ಅದರ ಚಕ್ರ ಎಲ್ಲಿ ಮುಳುಗಿತು, ಎಲ್ಲಿ ಪುಟಿಯಿತು ಎಂದು ಗುರುತು ಹಿಡಿಯಬೇಕು. ಆಮೇಲೆ ಮೊದಲ ಗೇರು, ಒಂದೇ ಸಮನೆ ಅಕ್ಸೆಲ್. ನಡುನೀರಿನಲ್ಲಿ ಕ್ಲಚ್ ಒತ್ತುವುದಾಗಲಿ ಕಾಲು ತೆಗೆಯುವುದಾಗಲಿ ಕೂಡದು. ತಳದ ಗುಂಡುಕಲ್ಲು ಚೇಂಬರಿಗೆ ತಾಗಿ ಅದು ಒಡೆದರೆ ಎಂಜಿನ್ ಆಯಿಲ್ ಹಳ್ಳದ ಪಾಲು. ಅದಕ್ಕಿಂತ ಕೆಟ್ಟದ್ದು ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ನುಗ್ಗುವುದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಒಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಕೀಲಿ ತಿರುಗಿಸಬೇಡಿ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದಕ್ಕೇ. ಇಷ್ಟೆಲ್ಲ ತಿಳಿದವರೂ ಮಧ್ಯಾಹ್ನವಾದರೆ ಸಾಹಸಕ್ಕೆ ಹೋಗುವುದಿಲ್ಲ. ಬಾತಲ್‌ನಲ್ಲಿ ‘ಚಾಚಾ-ಚಾಚಿ’ ಎಂದೇ ಹೆಸರಾದ ವೃದ್ಧ ದಂಪತಿಯ ಢಾಬಾ ಇದೆ. ಹಿಮದಲ್ಲಿ ಸಿಕ್ಕಿಬಿದ್ದವರಿಗೆ ದಿನಗಟ್ಟಲೆ ಅನ್ನ, ಹಾಸಿಗೆ ಕೊಟ್ಟು ಉಳಿಸಿದವರು ಅವರು. ಅಂಥ ಜಾಗ ಕಂಡಾಗ ಗಾಡಿ ನಿಲ್ಲಿಸಿ ಮಲಗುವುದು ಹೇಡಿತನವಲ್ಲ ಎಂದು ಅಲ್ಲಿನ ಚಾಲಕರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಳ್ಳದ ಗಂಟೆಯಂತೆ ಮೈಗೂ ಒಂದು ಗಂಟೆ ಇದೆ. ಎತ್ತರದ ತೆಳುಗಾಳಿಗೆ ದೇಹ ಒಗ್ಗಲು ದಿನಗಳು ಬೇಕು. ಅವಸರ ಮಾಡಿದರೆ ತಲೆಸಿಡಿತ, ವಾಂತಿ, ನಿದ್ದೆಗೇಡು; ಅದನ್ನೂ ಲೆಕ್ಕಿಸದೆ ಏರಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಜೀವಕ್ಕೇ ಬರುತ್ತದೆ. ಹಗಲು ಎಷ್ಟೆತ್ತರ ಮುಟ್ಟಿದೆವು ಎನ್ನುವುದಕ್ಕಿಂತ ರಾತ್ರಿ ಎಷ್ಟೆತ್ತರದಲ್ಲಿ ಮಲಗಿದೆವು ಎನ್ನುವುದು ಮುಖ್ಯ. ಮನಾಲಿಯಿಂದ ಹೊರಟವರು ಮೊದಲ ರಾತ್ರಿ ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ, ಅಂದರೆ ಮೂರು ಸಾವಿರ ಮೀಟರಿನ ಆಸುಪಾಸಿನಲ್ಲಿ ತಂಗಿದರೆ ಬೆಳಿಗ್ಗೆ ಎದ್ದು ತಿಂಡಿ ತಿನ್ನುತ್ತಾರೆ. ಒಂದೇ ಹಗಲಿನಲ್ಲಿ ಸರ್ಚುವಿನ ಡೇರೆಗಳಿಗೆ, 4,200 ಮೀಟರ್ ದಾಟಿ ಹೋದವರು ರಾತ್ರಿಯಿಡೀ ತಲೆ ಹಿಡಿದು ಕೂರುತ್ತಾರೆ. ಮಾರನೆಯ ದಿನ ಸ್ಟೀರಿಂಗ್ ಹಿಡಿಯುವುದು ಆ ತಲೆಯೇ.

ಅಟಲ್ ಸುರಂಗ ಇಲ್ಲಿ ಒಂದು ವಿಚಿತ್ರ ಮಾಡಿದೆ. 2020ರ ಅಕ್ಟೋಬರ್ 3ರಂದು ತೆರೆದ ಈ 9.02 ಕಿಲೋಮೀಟರ್ ಸುರಂಗ ರೋಹ್ತಾಂಗ್ ಕಣಿವೆಯ ಕೆಳಗೇ ಹಾಯ್ದು ದಾರಿಯನ್ನು 46 ಕಿಲೋಮೀಟರ್ ತಗ್ಗಿಸಿತು. ಲಾಹೌಲಿನ ಜನರಿಗೆ ಅದು ಬದುಕನ್ನೇ ಬದಲಿಸಿದ ಉಪಕಾರ; ಚಳಿಗಾಲದಲ್ಲಿ ಬಸುರಿ ಹೆಂಗಸಿಗೆ ಆಸ್ಪತ್ರೆ ಬೇಕಾದರೆ ಹೆಲಿಕಾಪ್ಟರ್ ಕಾಯಬೇಕಿದ್ದ ಕಣಿವೆ ಅದು. ಆದರೆ ರೋಹ್ತಾಂಗ್‌ನ ಕೆಸರಿನಲ್ಲಿ, ಜಾಮಿನಲ್ಲಿ ಪ್ರವಾಸಿಗಳು ಬೈಯುತ್ತ ಕಳೆದ ಅರ್ಧ ದಿನ ಅವರ ಮೈಗೆ ಗೊತ್ತಿಲ್ಲದಂತೆ ಬಿಡುವು ಕೊಡುತ್ತಿತ್ತು. ಈಗ ಆ ಅರ್ಧ ದಿನ ಮಿಗುತ್ತದೆ, ಮಿಕ್ಕಿದ್ದನ್ನು ಏರುವುದಕ್ಕೇ ಖರ್ಚು ಮಾಡುತ್ತಾರೆ. ರಸ್ತೆ ವೇಗ ಪಡೆಯಿತು, ರಕ್ತ ಹಳೆಯ ಗಡಿಯಾರದಲ್ಲೇ ಇದೆ.

ಲೇಹ್‌ಗೆ ಇನ್ನೊಂದು ದಾರಿ ಶ್ರೀನಗರದ ಕಡೆಯಿಂದ, ಜೋಜಿಲಾ ಕಣಿವೆ ದಾಟಿ. ಎತ್ತರದ ಫಲಕಗಳನ್ನು ನಂಬುವವರು ಇಲ್ಲಿ ಮೋಸ ಹೋಗುತ್ತಾರೆ. ಲೇಹ್‌ನಾಚೆಯ ಖಾರ್ದುಂಗ್‌ಲಾದಲ್ಲಿ ಬಹುಕಾಲ ಇದ್ದ 18,380 ಅಡಿ ಎಂಬ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳದವರಿಲ್ಲ. ನಿಜದಲ್ಲಿ ಅದು ಸುಮಾರು ಎಂಟುನೂರು ಅಡಿ ಕಡಿಮೆ. ಜೋಜಿಲಾ ಇವೆಲ್ಲಕ್ಕಿಂತ ತಗ್ಗು, ಬರೇ 3,528 ಮೀಟರ್. ಆದರೂ ಹಳೆಯ ಚಾಲಕರು ದನಿ ತಗ್ಗಿಸಿ ಮಾತಾಡುವುದು ಜೋಜಿಲಾ ಬಗ್ಗೆಯೇ. ಲಡಾಖಿನ ಕಣಿವೆಗಳು ಎತ್ತರವಾದರೂ ಒಣ ನೆಲ. ಜೋಜಿಲಾ ಕಾಶ್ಮೀರದ ಹಸಿಗಾಳಿಗೆ ಎದೆಯೊಡ್ಡಿ ನಿಂತಿದೆ. ಹಿಮ ಅಲ್ಲಿ ಆಳೆತ್ತರ ಬೀಳುತ್ತದೆ, ಸಡಿಲ ಇಳಿಜಾರು ಸದಾ ಜರಿಯುತ್ತದೆ, ರಸ್ತೆ ಅದೇ ಇಳಿಜಾರಿನ ಪಕ್ಕೆಗೆ ಅಂಟಿಕೊಂಡಿದೆ. ಅದಕ್ಕೇ ಅಲ್ಲಿ ಗೇಟು. ಇಂತಿಷ್ಟು ಹೊತ್ತು ಏರುವವರು, ಇಂತಿಷ್ಟು ಹೊತ್ತು ಇಳಿಯುವವರು, ಲಾರಿಗಳಿಗೆ ಬೇರೆ ಸರದಿ. ಗೇಟು ತಪ್ಪಿದರೆ ಸೋನ್‌ಮಾರ್ಗ್‌ನಲ್ಲೋ ದ್ರಾಸ್‌ನಲ್ಲೋ ರಾತ್ರಿ ಕಳೆಯುವುದು.

ಈ ಕಣಿವೆಗೆ ಕೊಡಗಿನದೊಂದು ನಂಟಿದೆ. 1948ರಲ್ಲಿ ಜೋಜಿಲಾ ಶತ್ರುಗಳ ಕೈಲಿತ್ತು, ಲೇಹ್‌ನ ನೆಲದಾರಿ ಕಡಿದಿತ್ತು. ಗವಿಗಳಲ್ಲಿ ಕೂತ ಮಷಿನ್‌ಗನ್ನುಗಳೆದುರು ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಯಾರೂ ನಿರೀಕ್ಷಿಸದ ಗಾಡಿ ತರಿಸಿದರು: 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಹಳೆ ಸೇತುವೆಗಳು ಭಾರ ತಡೆಯಲೆಂದು ಟ್ಯಾಂಕಿನ ಮೇಲಿನ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಶ್ರೀನಗರದಲ್ಲಿ ಸುದ್ದಿ ಹಬ್ಬದಿರಲೆಂದು ಕರ್ಫ್ಯೂ ಹಾಕಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಜಾಡು. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬಳಿ ಇಂದಿಗೂ ನೆಲೆ ಇರುವ ಪಡೆ. ಅಕ್ಟೋಬರಿನಲ್ಲಿ ಹಿಮ ಸುರಿದು ದಾಳಿ ಮುಂದಕ್ಕೆ ಹೋಯಿತು. ತಿಮ್ಮಯ್ಯ ಕಾದರು. ನವೆಂಬರ್ 1ರಂದು ಹಿಮದ ನಡುವೆಯೇ ಟ್ಯಾಂಕುಗಳು ಕಣಿವೆ ಏರಿದವು, ಮುಂದಿನ ಟ್ಯಾಂಕಿನಲ್ಲಿ ಸ್ವತಃ ಜನರಲ್ ಇದ್ದರು. ಅಷ್ಟೆತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿ ದಾರಿ ತೆರೆಯಿತು. ಮಡಿಕೇರಿಯಲ್ಲಿ ಅವರ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ. ಜೋಜಿಲಾಕ್ಕೆ ಹೋಗುವ ಕೆ.ಎ. ನಂಬರಿನ ಕಾರಿನವರಲ್ಲಿ ಎಷ್ಟು ಜನ ಮೊದಲು ಅಲ್ಲಿಗೊಮ್ಮೆ ಹೋಗಿರುತ್ತಾರೋ.

ತೆರೆದ ದಾರಿ ತೆರೆದೇ ಇರುವುದಿಲ್ಲ, ಅದನ್ನು ಪ್ರತಿ ವರ್ಷ ಹೊಸದಾಗಿ ತೆರೆಯಬೇಕು. 1960ರ ಮೇ 7ರಂದು ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ, ಚಾಲಕರ ಬಾಯಲ್ಲಿ ಬಿ.ಆರ್.ಒ., ಆ ಕೆಲಸ ಮಾಡುತ್ತದೆ. ಜೋಜಿಲಾ ಹಿಂದೆ ಆರು ತಿಂಗಳವರೆಗೂ ಮುಚ್ಚಿರುತ್ತಿತ್ತು. 2025ರಲ್ಲಿ 32 ದಿನಕ್ಕೇ ತೆರೆಯಿತು. ಬುಲ್‌ಡೋಜರಿನ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಡಾಂಬರು ಕಾಯಿಸುವವರು, ಜಲ್ಲಿ ಹೊರುವವರು ಬರುವುದು ಕಡಿಮೆ. ಅವರಲ್ಲಿ ಬಹಳ ಮಂದಿ ಜಾರ್ಖಂಡಿನ ದುಮ್ಕಾ ಕಡೆಯವರು. ಬೇಸಗೆಗೆ ಮುಂಚೆ ಬಂದು ಹಿಮ ಬೀಳುವ ಹೊತ್ತಿಗೆ ಊರಿಗೆ ಮರಳುತ್ತಾರೆ. 2020ರ ಜೂನ್‌ನಲ್ಲಿ, ಲಾಕ್‌ಡೌನಿನ ನಡುವೆ, ಅವರಿಗಾಗಿ ದುಮ್ಕಾದಿಂದ ವಿಶೇಷ ರೈಲೇ ಹೊರಟಿತ್ತು. ಕಿಟಕಿ ಏರಿಸಿಕೊಂಡು ಹಾಯುವ ಕಾರುಗಳು ಅವರ ಮುಖಕ್ಕೆ ಬಿಡುವುದು ಧೂಳು.

ಸೋನ್‌ಮಾರ್ಗ್‌ನ 6.5 ಕಿಲೋಮೀಟರ್ ಸುರಂಗ 2025ರ ಜನವರಿಯಲ್ಲಿ ತೆರೆಯಿತು. ಜೋಜಿಲಾ ಕೆಳಗೆ ಅದರ ಎರಡರಷ್ಟು ಉದ್ದದ್ದನ್ನು ಕೈಗೆತ್ತಿಕೊಂಡಿದ್ದಾರೆ. ಶಿಂಕುಲಾ ಎಂಬ ಇನ್ನೊಂದು ಕಣಿವೆಯ ಕೆಳಗೂ ಸುರಂಗ ಕೊರೆಯುವ ಕೆಲಸ 2024ರ ಜುಲೈನಲ್ಲಿ ಆರಂಭವಾಯಿತು. ಇವೆಲ್ಲ ಮುಗಿದ ಮೇಲೆ ಲೇಹ್ ದಾರಿಯ ಅರ್ಧ ಕಥೆಗಳು ನೆಲದಡಿಗೆ ಹೋಗುತ್ತವೆ, ಅದಕ್ಕಾಗಿ ಅಳಬೇಕಾದ್ದಿಲ್ಲ. ಸಾಹಸವನ್ನು ರಜೆಗೆ ಹಾಕಿಕೊಂಡು ಹೋಗುವವರಿಗಾಗಿ ಅಲ್ಲಿನವರು ಅಪಾಯವನ್ನು ಕಾಪಿಟ್ಟುಕೊಳ್ಳಬೇಕೇ?

ಗಾಟಾ ಲೂಪ್ಸ್ ಕೆಳಗೆ ಮಾತ್ರ ಸದ್ಯಕ್ಕೆ ಯಾವ ಸುರಂಗವೂ ಇಲ್ಲ. ಸರ್ಚು ದಾಟಿದ ಮೇಲೆ ನಕೀಲಾ ಕಡೆಗೆ ಬೆಟ್ಟದ ಮೈಯನ್ನು ಹೊಲಿದಂತೆ ಏರುವ 21 ಹಿಮ್ಮುರಿ ತಿರುವುಗಳು. ಅಲ್ಲೊಂದು ಕಡೆ ರಸ್ತೆ ಪಕ್ಕ ಕಲ್ಲಿನ ಪುಟ್ಟ ಗೂಡು, ಸುತ್ತ ನೂರಾರು ನೀರಿನ ಬಾಟಲಿಗಳು, ಸಿಗರೇಟುಗಳು. ಲಾರಿಯವರು ಹೇಳುವ ಕಥೆ ಇದು: ದಾರಿ ಮುಚ್ಚುವ ಕಾಲದಲ್ಲಿ, ವರ್ಷದ ಕೊನೆಯ ಲಾರಿಯೊಂದು ಇಲ್ಲಿ ಕೆಟ್ಟು ನಿಂತಿತು. ಡ್ರೈವರ್ ಸಹಾಯ ಹುಡುಕಿಕೊಂಡು ನಡೆದು ಹೋದ. ಕಾಯಿಲೆ ಬಿದ್ದಿದ್ದ ಕ್ಲೀನರ್ ಹುಡುಗ ಗಾಡಿ ಕಾಯುತ್ತ ಉಳಿದ. ಹಿಮ ಸುರಿಯಿತು, ಡ್ರೈವರ್ ಹಿಂದಿರುಗಲು ದಿನಗಳೇ ಹಿಡಿದವು. ಅಷ್ಟರಲ್ಲಿ ಹುಡುಗ ಹಸಿವು, ಬಾಯಾರಿಕೆ, ಚಳಿಗೆ ಸತ್ತಿದ್ದ. ಆಮೇಲೆ ಆ ತಿರುವಿನಲ್ಲಿ ಯಾರೋ ಕೈಯೊಡ್ಡಿ ನೀರು ಕೇಳುವುದು ಕಂಡಿತಂತೆ. ಅಂದಿನಿಂದ ಹಾಯುವವರು ಒಂದು ಬಾಟಲಿ ಇಟ್ಟು ಹೋಗುತ್ತಾರೆ. ನಂಬದವರೂ ಇಡುತ್ತಾರೆ.

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಆ ಬಾಟಲಿಗಳ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಬಿಸಿಲು ತಿರುವಿಗೆ ತಲುಪಿದ ಮೇಲೆ ಒಂದೊಂದಾಗಿ ಕರಗುತ್ತವೆ.