ಕೂಸಿನ ಉಸಿರು ಕಾಯುವ ಕವಚ

ಶ್ವಾಸನಾಳದ ಗೋಡೆಯಲ್ಲಿ ಮೃದ್ವಸ್ಥಿಯ ಉಂಗುರಗಳಿರುವುದರಿಂದ ಉಸಿರು ಬಿಡುವಾಗ ಅದು ಮುಚ್ಚಿಕೊಳ್ಳುವುದಿಲ್ಲ. ಕೆಲವು ಕೂಸುಗಳಲ್ಲಿ ಈ ಗೋಡೆ ಹುಟ್ಟಿನಿಂದಲೇ ಮೆತ್ತಗಿರುತ್ತದೆ; ಗಾಳಿ ಹೊರಬರುವ ಹೊತ್ತಿಗೆ ನಾಳ ಕುಸಿಯುತ್ತದೆ. ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ಅದು ತಾನಾಗಿ ಗಟ್ಟಿಯಾಗುತ್ತದೆ. ತೊಂದರೆ ತೀವ್ರವಾಗಿದ್ದರೆ ಅಲ್ಲಿಯವರೆಗಿನ ಒಂದೆರಡು ವರ್ಷ ಕೂಸನ್ನು ಉಳಿಸಿಕೊಳ್ಳುವುದೇ ಕಷ್ಟ.

ಅಂಥ ಒಂದು ಹಸುಗೂಸಿಗಾಗಿ 2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಗ್ಲೆನ್ ಗ್ರೀನ್ ಮತ್ತು ಎಂಜಿನಿಯರ್ ಸ್ಕಾಟ್ ಹಾಲಿಸ್ಟರ್ ನಾಳಕ್ಕೆ ಆಸರೆಯಾಗುವ ಕವಚ ಮಾಡಲು ತ್ರೀಡಿ ಮುದ್ರಣದ ಮೊರೆ ಹೋದರು. ಆ ಕೂಸಿನ ಶ್ವಾಸನಾಳದ ಎಡಗವಲು ಪದೇಪದೇ ಕುಸಿಯುತ್ತಿತ್ತು.

ಕೆಲಸ ಶುರುವಾಗುವುದು ಸಿ.ಟಿ. ಸ್ಕ್ಯಾನ್‌ನಿಂದ. ಅದರಲ್ಲಿ ಗಾಳಿ ಕಪ್ಪಾಗಿ, ಮೂಳೆ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಗಾಳಿ ತುಂಬಿದ ನಾಳವನ್ನು ಬೇರ್ಪಡಿಸುವುದು ಅಷ್ಟು ಕಷ್ಟವಲ್ಲ. ಹೃದಯದಂಥ ಅಂಗ ಸುತ್ತಲಿನ ಮಾಂಸದೊಂದಿಗೆ ಒಂದೇ ಬೂದು ಬಣ್ಣದಲ್ಲಿ ಬೆರೆತಿರುವುದರಿಂದ ಅದರ ಅಂಚು ಗುರುತಿಸಲು ನುರಿತ ಕಣ್ಣೇ ಬೇಕು. ಒಂದೊಂದು ಅಡ್ಡಸೀಳಿನಲ್ಲೂ ಗುರುತು ಮಾಡಿದ ಭಾಗಗಳನ್ನು ಜೋಡಿಸಿದಾಗ ಕಂಪ್ಯೂಟರಿನಲ್ಲಿ ಆ ಮಗುವಿನದೇ ನಾಳದ ಆಕಾರ ಮೂಡುತ್ತದೆ.

ಇನ್ನು ಕವಚದ ವಿನ್ಯಾಸ. ಈ ಇಡೀ ಕತೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಕವಚ ನಾಳದ ಒಳಗಲ್ಲ, ಹೊರಗೆ ಕೂರುತ್ತದೆ. ಬಾಯಿ ತೆರೆದ ಕಡಗದಂತೆ ಒಂದು ಬದಿ ಬಿಟ್ಟಿರುತ್ತದೆ, ಏಕೆಂದರೆ ಒಳಗಿರುವುದು ಬೆಳೆಯುವ ಕೂಸಿನ ನಾಳ. ಅದು ಹಿಗ್ಗಿದರೆ ಕವಚ ಜಾಗ ಬಿಡಬೇಕು, ಹೊರಗಿಂದ ಒತ್ತಿದರೆ ಮಾತ್ರ ಬಗ್ಗಬಾರದು. ಅದರ ಮೈಯಲ್ಲಿ ಸಣ್ಣ ರಂಧ್ರಗಳಿದ್ದು, ಅವುಗಳ ಮೂಲಕ ಹೊಲಿಗೆ ಹಾಕಿ ನಾಳದ ಗೋಡೆಯನ್ನು ಹೊರಕ್ಕೆಳೆದು ಕಟ್ಟುತ್ತಾರೆ.

ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್‌ನ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆಯಷ್ಟೇ ಲೇಸರ್ ಹಾಯಿಸಿ ಬೆಸೆಯುತ್ತಾರೆ. ಮೇಲೆ ಮತ್ತೊಂದು ಪದರ ಪುಡಿ, ಮತ್ತೆ ಲೇಸರ್. ಬೆಸೆಯದೆ ಉಳಿದ ಪುಡಿಯನ್ನು ಕೊನೆಗೆ ಕೊಡವಿದರೆ ಕವಚ ಕೈಗೆ ಬರುತ್ತದೆ. ಒಂದೇ ಒಂದು ತುಂಡಿಗಾಗಿ ಎರಕದ ಅಚ್ಚು ಮಾಡಿಸಬೇಕಾಗಿಲ್ಲ. ಈ ಪ್ಲಾಸ್ಟಿಕ್ ದೇಹದೊಳಗೆ ಸುಮಾರು ಮೂರು ವರ್ಷದಲ್ಲಿ ಕರಗುವುದರಿಂದ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆಯೂ ಬೇಡ.

ಶಸ್ತ್ರಚಿಕಿತ್ಸೆಯಾಗಿ 21 ದಿನಕ್ಕೆ ಕೂಸನ್ನು ವೆಂಟಿಲೇಟರ್‌ನಿಂದ ಪೂರ್ತಿ ಬಿಡಿಸಿದರು. ಮೂರು ಮಕ್ಕಳಿಗೆ ಹೀಗೆ ಕವಚ ಹಾಕಿದ ವರದಿ 2015ರಲ್ಲಿ ಬಂತು.

ತಲೆಬುರುಡೆಗೂ ದವಡೆಗೂ ಹಿಡಿಯುವುದು ಇದೇ ದಾರಿ. ಅಲ್ಲಿ ಕರಗುವ ಪ್ಲಾಸ್ಟಿಕ್ ಬದಲು ಹೆಚ್ಚಾಗಿ ಟೈಟೇನಿಯಂ ಪುಡಿ ಬಳಸಿ, ಮೂಳೆ ಬೆಳೆದು ಹಿಡಿದುಕೊಳ್ಳಲೆಂದು ಅದರಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತಾರೆ. ಜೀವಕೋಶಗಳಿಂದಲೇ ಇಡೀ ಅಂಗ ಮುದ್ರಿಸುವುದು ಮಾತ್ರ ಇನ್ನೂ ಕೈಗೂಡಿಲ್ಲ. ಒಳಗಿನ ಕೋಶಗಳಿಗೆಲ್ಲ ರಕ್ತ ತಲುಪಿಸುವಷ್ಟು ಸೂಕ್ಷ್ಮವಾದ ನಾಳಗಳ ಜಾಲವನ್ನು ಮುದ್ರಿಸಿ ಬದುಕಿಸುವುದೇ ಅಲ್ಲಿನ ದೊಡ್ಡ ತೊಡಕು.