ಮಕ್ಕಳನ್ನೇನೋ ಎಣಿಸಿದಿರಿ, ಅಜ್ಜನ ಮಾತ್ರೆ ಯಾವ ಬ್ಯಾಗಿನಲ್ಲಿದೆ?

ಶಾಲೆಗೆ ರಜೆ ಬಿತ್ತೆಂದರೆ ಮುಂಬೈ, ಪುಣೆ, ದೆಹಲಿಯ ನಮ್ಮವರ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ ಶುರು. ಅಣ್ಣನ ಮಕ್ಕಳು ಮೂವರು, ತಂಗಿಯ ಮಕ್ಕಳು ಇಬ್ಬರು, ಮಡಿಲಲ್ಲೊಂದು ಕೂಸು, ಜೊತೆಗೆ ಅಜ್ಜ-ಅಜ್ಜಿ. ಮೊದಲಾದರೆ ರೈಲಿನಲ್ಲಿ ಬುತ್ತಿ ಬಿಚ್ಚಿಕೊಂಡು ಹೋಗುತ್ತಿದ್ದೆವು. ಈಗ ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿಗೆಲ್ಲ ವಿಮಾನ ಇದೆ. ಹೀಗೆ ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಮಕ್ಕಳ ಬಗ್ಗೆಯೇ. ಕಿವಿ ನೋಯುತ್ತದಾ ಡಾಕ್ಟರೇ, ವಾಂತಿ ಆಗುತ್ತದಾ ಎಂದು. ಹೃದಯದ ಡಾಕ್ಟರಾದ ನನಗೆ ಚಿಂತೆಯಾಗುವುದು ಆ ಗುಂಪಿನ ಹಿಂದೆ ಎರಡು ಬ್ಯಾಗ್ ಹೊತ್ತು ಬರುವ ಅಜ್ಜನ ಬಗ್ಗೆ.

ಮಕ್ಕಳ ವಿಷಯ ಮೊದಲು ಹೇಳಿಬಿಡುತ್ತೇನೆ. ಕಿವಿ ನೋವು ಹೆಚ್ಚಾಗುವುದು ವಿಮಾನ ಏರುವಾಗ ಅಲ್ಲ, ಇಳಿಯುವಾಗ. ಇಳಿಯಲು ಅರ್ಧ ಗಂಟೆ ಇರುವಾಗಲೇ ಮಲಗಿದ ಮಗುವನ್ನು ಎಬ್ಬಿಸಿ ಎದೆಹಾಲು ಕೊಡಿ ಅಥವಾ ಬಾಟಲಿ ಹಿಡಿಯಿರಿ. ನುಂಗಿದಾಗ ಕಿವಿಯ ಒಳಗಿನ ಕೊಳವೆ ತೆರೆದುಕೊಳ್ಳುತ್ತದೆ. ಕೂಸು ಅತ್ತರೂ ಅದೇ ಕೆಲಸ ಆಗುತ್ತದೆ; ಪಕ್ಕದ ಸೀಟಿನವರು ಮುಖ ಗಂಟಿಕ್ಕಿದರೆ ನೀವು ನಾಚಿಕೊಳ್ಳಬೇಕಿಲ್ಲ. ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಿ. ಶೇಂಗಾ, ಗಟ್ಟಿ ಪೆಪ್ಪರ್‌ಮಿಂಟ್ ಮಾತ್ರ ಚಿಕ್ಕವರ ಕೈಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಂಡೀತು. ಜೋರು ನೆಗಡಿಯೋ ಕಿವಿಸೋರಿಕೆಯೋ ಇದ್ದರೆ ಹೊರಡುವ ಮುಂಚೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಮಗು ವಿಮಾನದಲ್ಲಿ ತೆಪ್ಪಗೆ ಮಲಗಲಿ ಎಂದು ನೆಗಡಿಯ ಸಿರಪ್ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಪ್ರೊಮೆಥಜಿನ್‌ನಂಥ ಔಷಧ 2 ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಹುದು. ಕೆಲವು ಮಕ್ಕಳಂತೂ ಮಲಗುವ ಬದಲು ಇನ್ನಷ್ಟು ಕುಣಿಯತೊಡಗುತ್ತಾರೆ!

ಮಗುವಿನ ಹೃದಯದಲ್ಲಿ ಚಿಕ್ಕ ರಂಧ್ರ ಇದೆ, ಆದರೆ ಚೆನ್ನಾಗಿ ಆಡಿಕೊಂಡಿದೆ ಎಂದಾದರೆ ಸಾಮಾನ್ಯವಾಗಿ ವಿಮಾನಕ್ಕೆ ಹೆದರಬೇಕಿಲ್ಲ. ತುಟಿ, ಉಗುರು ನೀಲಿಯಾಗುವ ಮಗುವಾದರೆ ಅದರ ಹೃದಯ ತಜ್ಞರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ.

ಟಿಕೆಟ್ ಎಂದಾಗ ನೆನಪಾಯಿತು. ಸಾಮಾನ್ಯವಾಗಿ ಒಂದು ಪಿಎನ್‌ಆರ್‌ನಲ್ಲಿ 9 ಜನಕ್ಕಿಂತ ಹೆಚ್ಚು ಸೇರುವುದಿಲ್ಲ, ದೊಡ್ಡ ಕುಟುಂಬ ಎರಡು ಭಾಗವಾಗುತ್ತದೆ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಜೊತೆ ಸೀಟು ಕೊಡಬೇಕೆಂದು ಡಿಜಿಸಿಎ 2024ರಲ್ಲಿ ವಿಮಾನ ಕಂಪನಿಗಳಿಗೆ ಹೇಳಿದೆ. ಹಾಗಾಗಿ ಮಕ್ಕಳೆಲ್ಲ ಒಂದು ಟಿಕೆಟ್, ದೊಡ್ಡವರೆಲ್ಲ ಇನ್ನೊಂದು ಎಂದು ಮಾಡಿಸಬೇಡಿ. ಅಜ್ಜ-ಅಜ್ಜಿಯ ಪಕ್ಕದಲ್ಲೂ ಗಟ್ಟಿಮುಟ್ಟಾದ ಒಬ್ಬರು ಕೂರಲಿ. ಅವರನ್ನು ಮಕ್ಕಳ ಕಾವಲಿಗೆ ಕೂರಿಸಿ ನೀವು ಕಣ್ಣು ಮುಚ್ಚಬೇಡಿ.

ಈಗ ಅಜ್ಜನ ವಿಷಯ. ವಿಮಾನ 35,000 ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇದ್ದಂತೆ ಇರುತ್ತದೆ. ಊಟಿ 7,300 ಅಡಿ ಚಿಲ್ಲರೆ ಎತ್ತರದಲ್ಲಿದೆ. ಅಂದರೆ ಸುಮ್ಮನೆ ಕುಳಿತು ಊಟಿಯ ಗಾಳಿ ಉಸಿರಾಡಿದ ಹಾಗೆ. ಗಟ್ಟಿ ಹೃದಯಕ್ಕೆ ಇದು ಗೊತ್ತೇ ಆಗುವುದಿಲ್ಲ, ದಣಿದ ಹೃದಯಕ್ಕೆ ಗೊತ್ತಾಗುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಮಹಡಿಯ ಮೆಟ್ಟಿಲು ಹತ್ತುವಾಗ ಎದೆ ನೋವು, ಏದುಸಿರು ಬಾರದಿದ್ದರೆ ಸಾಮಾನ್ಯವಾಗಿ ಪ್ರಯಾಣ ಮಾಡಬಹುದು. ಬಂದರೆ ಮೊದಲು ನಿಮ್ಮ ಡಾಕ್ಟರನ್ನು ಕಾಣಿ. ಈಚೆಗೆ ಹೃದಯಾಘಾತ ಆಗಿದ್ದರೆ, ಬೈಪಾಸ್ ಆಗಿದ್ದರೆ ಎಷ್ಟು ದಿನ ಕಾಯಬೇಕೆಂದು ಅವರೇ ಹೇಳಬೇಕು, ವಾಟ್ಸಾಪ್ ಅಲ್ಲ. ನನ್ನ ಈ ಲೇಖನವೂ ಅಲ್ಲ.

ಅಷ್ಟಕ್ಕೂ ಹೆಚ್ಚಿನವರಿಗೆ ತೊಂದರೆ ಆಗುವುದು ಗಾಳಿಯಿಂದಲ್ಲ, ಗಡಿಬಿಡಿಯಿಂದ. ಬೆಳಿಗ್ಗೆ 6ರ ವಿಮಾನಕ್ಕೆ ರಾತ್ರಿ 2ಕ್ಕೆ ಎದ್ದು ಮಕ್ಕಳಿಗೆ ಬಟ್ಟೆ ತೊಡಿಸುವ ಗಲಾಟೆಯಲ್ಲಿ ಬಿಪಿ ಮಾತ್ರೆ ಮರೆತುಹೋಗುತ್ತದೆ. ಕಾಲು ಬಾವಿಗೆಂದು ಕೊಟ್ಟ ನೀರಿನ ಮಾತ್ರೆಯನ್ನು, ಟಾಯ್ಲೆಟ್‌ಗೆ ಯಾರು ಓಡಾಡುತ್ತಾರೆ ಎಂದು, ಬೇಕೆಂದೇ ಬಿಡುತ್ತಾರೆ. ಅದನ್ನು ತಾವಾಗಿ ಬಿಡುವುದು ಬೇಡ. ಹೊತ್ತು ಬದಲಿಸಬಹುದೇ ಎಂದು ಮೊದಲೇ ಡಾಕ್ಟರನ್ನು ಕೇಳಿ, ಟಾಯ್ಲೆಟ್ ಹತ್ತಿರದ ಸೀಟು ಹಿಡಿಯಿರಿ. ಮಿಕ್ಕ ಮಾತ್ರೆಗಳು ದೊಡ್ಡ ಸೂಟ್‌ಕೇಸಿನಲ್ಲಿ, ಮಕ್ಕಳ ಫ್ರಾಕುಗಳ ಕೆಳಗೆ! ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೆ ಏನು ಮಾಡುತ್ತೀರಿ? ಮಾತ್ರೆ, ಡಾಕ್ಟರ ಚೀಟಿ, ಹಳೆಯ ಇಸಿಜಿಯ ಪ್ರತಿ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಕೂಡ ಕೈಚೀಲದಲ್ಲಿ, ಕೆಳಗಿನ ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಟ್ಟೀತು. ನಾಲಿಗೆಯಡಿ ಇಡುವ ಮಾತ್ರೆ ಅಂಗಿಯ ಜೇಬಿನಲ್ಲಿ.

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಗೇಟಿನವರೆಗೆ ನಡೆಯುವುದೇ ಒಂದು ಯಾತ್ರೆ. ಗಾಲಿಕುರ್ಚಿ ಬೇಕಿದ್ದರೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. "ನಾನೇನು ರೋಗಿಯೇ" ಎಂದು ಅಜ್ಜ ಸಿಡುಕುತ್ತಾರೆ. ಮೊಮ್ಮಗನನ್ನು ಅವರ ಜೊತೆ ಕಳಿಸಿ, ಸಿಡುಕು ಇಳಿಯುತ್ತದೆ.

ವಿಮಾನದಲ್ಲಿ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆಸ್ಪಿರಿನ್ ನುಂಗಿ ಹೊರಡಿ ಎಂಬ ಸಂದೇಶ ನಿಮಗೂ ಬಂದಿರಬಹುದು. ಆ ಅಪಾಯ ಹೆಚ್ಚುವುದು 4 ಗಂಟೆಗಿಂತ ಉದ್ದದ ಪ್ರಯಾಣದಲ್ಲಿ. ಮುಂಬೈ-ಮಂಗಳೂರು ಒಂದೂವರೆ ಗಂಟೆ. ಡಾಕ್ಟರು ಹೇಳದೆ ಆಸ್ಪಿರಿನ್ ಬೇಡ. ಆದರೆ ಇಳಿದ ಮೇಲೆ ಮೂರು ನಾಲ್ಕು ತಾಸು ಕಾರಿನಲ್ಲಿ ಊರಿಗೆ ಹೋಗುವುದಿದ್ದರೆ ನಡುವೆ ನಿಲ್ಲಿಸಿ ಎಲ್ಲರೂ ಕಾಲಾಡಿಸಿ, ನೀರು ಕುಡಿಯಿರಿ.

ಕೊನೆಯದಾಗಿ ಲಗೇಜ್ ಬೆಲ್ಟ್. ಮಕ್ಕಳು ಒಂದೊಂದು ದಿಕ್ಕಿಗೆ ಓಡುತ್ತಿರುತ್ತಾರೆ, ನೀವು ಅವರ ಹಿಂದೆ. ಅಷ್ಟರಲ್ಲಿ ಅಜ್ಜ 15 ಕಿಲೋ ಸೂಟ್‌ಕೇಸನ್ನು ಒಂದೇ ಉಸಿರಿಗೆ ಎಳೆಯುತ್ತಿರುತ್ತಾರೆ. ನಿದ್ದೆ ಇಲ್ಲ, ಮಾತ್ರೆ ಇಲ್ಲ, ಹೊಟ್ಟೆಗೆ ಏನೂ ಇಲ್ಲ. ಬೆಲ್ಟ್ ಹತ್ತಿರ ಅವರನ್ನು ಬಿಡಲೇಬೇಡಿ. ಎದೆ ಬಿಗಿತ, ತಣ್ಣನೆ ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ನೋವು ಕಂಡರೆ ಗ್ಯಾಸ್ ಎಂದುಕೊಂಡು ಸೋಡಾ ಹುಡುಕಬೇಡಿ. ಅಲ್ಲೇ ಕೂರಿಸಿ, ಹತ್ತಿರದ ಸಿಬ್ಬಂದಿಯನ್ನು ಕೂಗಿ ವೈದ್ಯರನ್ನು ಕರೆಸಿ. ಸೂಟ್‌ಕೇಸ್ ಬೆಲ್ಟಿನ ಮೇಲೆ ಇನ್ನೊಂದು ಸುತ್ತು ತಿರುಗಲಿ.