ನಿಮ್ಮ ರೈತ ಕಂಪನಿಗೆ ಇಂಟರ್ನ್ ಬೇಕಾ? ಮೊದಲು ಕೆಲಸ ಗೊತ್ತು ಮಾಡಿ

ಬಿಎಸ್ಸಿ ಕೃಷಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯಬೇಕು. ಇದೇ ಗ್ರಾಮೀಣ ಕೃಷಿ ಕಾರ್ಯಾನುಭವ. ಇದರಲ್ಲೇ ಕೆಲವು ವಾರ ಕೃಷಿ ಉದ್ಯಮದಲ್ಲಿ ಕಲಿಯೋದೂ ಇರುತ್ತೆ. ನಿಮ್ಮ ರೈತ ಉತ್ಪಾದಕರ ಕಂಪನಿಯೂ ಅದಕ್ಕೆ ಜಾಗ ಕೊಡಬಹುದು.

ಆದ್ರೆ ಕೆಲಸ ಗೊತ್ತು ಮಾಡದೆ ಕರೆದರೆ ಫೋಟೋ, ಬ್ಯಾನರ್‌ಗೇ ದಿನ ಮುಗಿಯುತ್ತೆ. ಮೂಟೆ ಎಣಿಸೋಕೆ ಕೂರಿಸಿದರೆ ಅವರೂ ಕಲಿಯಲ್ಲ, ನಿಮಗೂ ಲಾಭವಿಲ್ಲ.

ಹೀಗೆ ಮಾಡಿ:

1. ಒಂದೇ ಕೆಲಸ ಆರಿಸಿ. ಉದಾಹರಣೆಗೆ, 50 ಸದಸ್ಯರ ಹೊಲದ ಮಣ್ಣು ಪರೀಕ್ಷೆಗೆ ಕಳಿಸಿ, ಯಾರಿಗೆ ಯಾವ ಗೊಬ್ಬರ ಎಷ್ಟು ಬೇಕು ಅನ್ನೋ ಪಟ್ಟಿ. ಪಟ್ಟಿ ಕೈಲಿದ್ದರೆ ಗೊಬ್ಬರ ಒಟ್ಟಿಗೆ ಖರೀದಿಸಬಹುದು.

2. ಸೆಮಿಸ್ಟರ್ ಶುರುವಾಗೋ ಎರಡು ತಿಂಗಳು ಮೊದಲೇ ಹತ್ತಿರದ ಕೃಷಿ ಕಾಲೇಜಿನ ಡೀನ್‌ಗೆ ಪತ್ರ ಕೊಡಿ. ಕೆಲಸ, ಅವಧಿ, ಎಷ್ಟು ಜನ ಬೇಕು, ಎಲ್ಲ ಬರೆಯಿರಿ.

3. ಉಳಿಯೋ ಜಾಗ, ಊಟ, ಓಡಾಟದ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ. ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ ಇರಲೇಬೇಕು.

4. ಅನುಭವಿ ರೈತರೊಬ್ಬರು ಮಾರ್ಗದರ್ಶಕರಾಗಿರಲಿ. ವಾರಕ್ಕೊಮ್ಮೆ ಕೆಲಸ ನೋಡಲಿ.

5. ಹೊರಡೋ ಮುಂಚೆ ವರದಿಯನ್ನು ಕನ್ನಡದಲ್ಲಿ ಬರೆಸಿ, ಸದಸ್ಯರ ಸಭೆಯಲ್ಲಿ ಓದಿಸಿ. ಪ್ರಮಾಣಪತ್ರ ಆಮೇಲೆ ಕೊಡಿ.

ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮಲ್ಲಿ ಬಾಕಿ ಉಳಿದಿರೋ ಯಾವ ಕೆಲಸಕ್ಕೆ ಓದಿದವರ ನೆರವು ಬೇಕು?